ದಾನೇಲಪ್ಪನ ಬದ್ಲಿ

ಶಹಾಬಾದ, ೩ ನವೆಂಬರ್ ೧೯೫೩

ನಮ್ಮವರನ್ನ ಮಣ್ಣು ಮಾಡಿ ಬಂದ ಮ್ಯಾಲ ಖಣಿ ಕೂಲಿಗಳ ಲೈನಿನ ಮಂದೆಲ್ಲ ಒಬ್ಬರ ಹಿಂದ ಒಬ್ಬರು ಬಂದು ಸಮಾಧಾನ ಹೇಳಿ ಹೋಗ್ಯಾರ. ದೇವರ ಚಿತ್ತ ಅಂತ. ದೇವರಿಗಿ ಬ್ಯಾರೆ ಕೆಲಸ ಇರಲಿಲ್ಲೇನು? ಖಣಿಯೊಳಗ ಕುಡುಕರಿದ್ದರು, ಹೆಂಡ್ತಿನ್ನ ಬಡಿಯಾವ್ರಿದ್ದರು. ಅವರ್ಯಾರ ತಲಿ ಮ್ಯಾಲೂ ಕಲ್ಲು ಬೀಳಲಿಲ್ಲ. ಯಾರಿಗೂ ಇಲ್ಲ ಅನ್ನಲಾರದ ನಮ್ಮವ್ರೇ ಬೇಕಾದರು.

ಮಿಷನ್ ಬೋರ್ಡಿಂಗ್ ಸಾಲ್ಯಾಗ ಇದ್ದಾಗ ನನಗ ದಿನಾ ಬರಿಯೋ ರೂಢಿ ಇತ್ತು. ಲಗ್ನಾದ ಮ್ಯಾಲ ಬಿಟ್ಟಿದ್ದೆ. ಈಗ ಮಾತಾಡ್ಲಿಕ್ಕಿ ಮನ್ಯಾಗ ಯಾರಿಲ್ಲ, ಅದಕ್ಕ ಬರಿಲಿಕತ್ತೀನಿ. ಓದಾವ್ರೂ ಯಾರಿಲ್ಲ, ಹಂಗಾಗಿ ಖರೇ ಇದ್ದದ್ದೇ ಬರೀತೀನಿ.

ಆಗಿದ್ದು ಇಷ್ಟು. ಆ ದಿನ ನಮ್ಮವರಿಗಿ ಸುಟ್ಟಿ. ಬಾಜೂ ಖೋಲಿ ಸಾಬಣ್ಣ ಮುಂಜಾನೆ ಹಲ್ಲು ಕಿಸ್ಕೊಂಡು ಬಂದ. ಅವನ ಹೆಂಡ್ತಿ ಗುರುಲಿಂಗಮ್ಮ ತವರುಮನಿ ದಂಡೋತ್ಯಾಗ ಹಡದಾಳ, ಗಂಡು ಕೂಸು. "ಕೂಸಿನ ಮಾರಿ ನೋಡಿ ಬರ್ತೀನಿ ಅಣ್ಣಾ, ಇವತ್ತೊಂದು ದಿನ ನನಗ ಬದ್ಲಿ ಹೋಗು" ಅಂದ. ಇಲ್ಲಿ ಇದು ನಡಕೊಂಡು ಬಂದಿದ್ದೇ ಅದ. ಒಬ್ಬಂವ ಬರದಿದ್ದರ ಇನ್ನೊಬ್ಬಂವ ಬದ್ಲಿ ಹೋಗ್ತಾನ. ಮುನ್ಸಿ ಹಾಜರಿ ಕರಿಯಾಗ ಬರಲಾರದವನ ಹೆಸರಿಗಿ ಹೋದಂವ "ಹಾಜರ್" ಅಂತಾನ. ಮುನ್ಸಿ ತಲಿ ಎತ್ತಿ ಮಾರಿ ನೋಡಂಗಿಲ್ಲ, ಅವನಿಗಿ ಕೆಲಸ ನಡದ್ರ ಆತು. ನಮ್ಮವ್ರು ಅರ್ಧ ರೊಟ್ಟಿ ಬಿಟ್ಟು ಎದ್ದು ಹೋದರು. ಮುನ್ಸಿ ಸಾಬಣ್ಣಾ ಅಂದ, ನಮ್ಮವ್ರು ಹಾಜರ್ ಅಂದರು. ಮಧ್ಯಾಹ್ನ ಮ್ಯಾಲಿನ ಕಲ್ಲಿನ ಪದರ ಜಾರಿ ಅವರ ಮ್ಯಾಲೆ ಬಿತ್ತು.

ಸಂಜಿಮುಂದ ಸಾಬಣ್ಣ ಸಕ್ರಿ ಪುಡಿಕಿ ಹಿಡ್ಕೊಂಡು ಲೈನಿಗಿ ಬಂದ, ಗಂಡು ಹುಟ್ಟ್ಯಾದಂತ ಎಲ್ಲರಿಗೂ ಹಂಚಲಿಕ್ಕಿ.

೫ ನವೆಂಬರ್

ಮುನ್ಸಿ ಲಾಲ್ ಅಹ್ಮದ್ ಬಂದಿದ್ದ. ಕುಂದ್ರಿ ಅಂದರೂ ಕುಂದ್ರಲಿಲ್ಲ.

"ಹಾಜರಿ ಪ್ರಕಾರ ಸತ್ತಂವ ಸಾಬಣ್ಣ, ಬಾಯಿ. ಸಾಹೇಬರು ಬಂದು ಅದರ ಮ್ಯಾಲೆ ಸಹಿ ಮಾಡಿ ಹೋಗ್ಯಾರ. ಬದ್ಲಿ ಅಂತ ಈಗ ಬಾಯಿ ಬಿಟ್ಟರ ನನ್ನ ನೌಕರಿ ಹೋಗ್ತದ, ಎಲ್ಲಾರ ಹೊಟ್ಟಿ ಮ್ಯಾಲೂ ಕಲ್ಲು ಬೀಳ್ತದ."

"ನನ್ನ ಗಂಡ ಏನಾದರು ಹಂಗಾದ್ರ?" ಅಂದೆ.

"ಕಾಗದದಾಗ ಜೀವಂತ ಇದ್ದಾರ. ಅವರ ಹೆಸರಿಗಿ ಯಾರನ್ನರ ಕಳಸ್ರಿ. ಹೆಸರು ನಡದ್ರ ಖೋಲಿ ನಿಮಗೇ ಉಳೀತದ."

ಖಣಿ ಗುತ್ತೇದಾರ ಸತ್ತವರಿಗಿ ಹಿಡಿ ಮಣ್ಣು ಬಿಟ್ಟು ಬ್ಯಾರೆ ಏನೂ ಕೊಡಂಗಿಲ್ಲ, ಅದು ಯಾರ ಹೆಸರಿಗೇ ಸಾಯಲಿ. ಖೋಲಿ ಹೋದರ ನಾ ಎಲ್ಲಿಗಿ ಹೋಗ್ಲಿ? ತವರುಮನಿ ಅನ್ನೋದು ನನಗ ಬೋರ್ಡಿಂಗ್ ಒಂದೇ ಇತ್ತು.

೮ ನವೆಂಬರ್, ಐತವಾರ

ಚರ್ಚಿಗಿ ಹೋಗಬಾರದಂತ ಇದ್ದೆ. ಎದುರು ಖೋಲಿ ರಶೀದಾಬೇಗಂ ಬಿಡಲಿಲ್ಲ. "ನಿಮ್ಮ ದೇವರ ಮ್ಯಾಲೆ ಸಿಟ್ಟಿದ್ದರ ಅವನ ಮನಿಗೇ ಹೋಗಿ ಬೈದು ಬಾ ಮಾರ್ಥಾ. ಇಲ್ಲಿ ಕುಂತು ನನ್ನ ಕಿವಿ ಯಾಕ ತಿಂತಿ?" ಅಂದಳು. ಆಕಿ ಮಾತಿಗಿ ನನಗ ಅಳೂ ಬಂತು, ನಗೂ ಬಂತು.

ಗಿಡಿಯೋನ್ ಅಯ್ಯನೋರು ಇವತ್ತ ಪ್ರಾಯಶ್ಚಿತ್ತದ ಮ್ಯಾಲೆ ಮಾತಾಡಿದರು. ಆ ಶಬ್ದ ಕೇಳಿದ್ರ ಖಣಿ ಮಂದಿಗಿ ಆಕಳಿಕಿ ಬರ್ತಾವ. ಅದು ಅಯ್ಯನೋರಿಗೂ ಗೊತ್ತು. ಪುಸ್ತಕ ಮುಚ್ಚಿಟ್ಟು ಖಣಿ ಮಾತಿನಾಗೇ ಹೇಳಿದರು. "ಮರಣ ಅನ್ನೋ ಮುನ್ಸಿ ಹಾಜರಿ ಕರೀಲಿಕತ್ತಿದ್ದ. ನಿನ್ನ ಹೆಸರು ಬಂತು. ನೀನು ಹೋಗಿದ್ದರ ತಿರುಗಿ ಬರ್ತಿದ್ದಿಲ್ಲ. ಆಗ ಒಬ್ಬ, ಏನೂ ತಪ್ಪು ಮಾಡಲಾರದಂವ, ಎದ್ದು ನಿಂತು ನಿನ್ನ ಹೆಸರಿಗಿ ಹಾಜರ್ ಅಂದ. ನಿನ್ನ ಬದ್ಲಿ ಸತ್ತ. ನೀನು ಬದುಕಿದಿ. ಇದಕ್ಕ ನೀನು ತಿರುಗಿ ಏನೂ ಕೊಡಲಿಕ್ಕಿ ಆಗಂಗಿಲ್ಲ. ನಂಬಬೇಕು, ಕೈ ಚಾಚಿ ತಗೋಬೇಕು, ಅಷ್ಟೇ."

ಇದು ಯೇಸುಸ್ವಾಮಿ ಬಗ್ಗೆ ಅಂತ ಅಯ್ಯನೋರು ಮೊದಲೇ ಹೇಳಿದ್ದರು. ಸಾಬಣ್ಣ ಆಮ್ಯಾಲ ಬಂದು ಬಾಗಿಲ ಹೊರಗ ನಿಂತಿದ್ದನಂತ, ಆ ಮಾತು ಅವನ ಕಿವಿಗಿ ಬಿದ್ದಿರಲಿಲ್ಲ. ನಾವು ಹೊರಗ ಬರೋದೇ ತಡ, ಎಲ್ಲಾರ ಮುಂದ ನನ್ನ ಕಾಲ ಮ್ಯಾಲೆ ಬಿದ್ದ. "ವೈನಿ, ಅಯ್ಯನೋರು ಎಲ್ಲಾ ಹೇಳಿಬಿಟ್ಟರು. ಅಣ್ಣ ಏನೂ ತಪ್ಪು ಮಾಡಿರಲಿಲ್ಲ. ನನ್ನ ಹೆಸರಿಗಿ ಹಾಜರ್ ಅಂದ."

ಕಾಲು ಎಳಕೊಂಡೆ. ಮೈಯೆಲ್ಲ ಉರೀತು. ಅಂವ ಅಳೋದು ನೋಡಿ ಮಂದಿ ಅವನ್ನೇ ಸಮಾಧಾನ ಮಾಡಲಿಕತ್ತರು.

೧೫ ನವೆಂಬರ್

ಸಾಬಣ್ಣಗ ಹುಚ್ಚು ಹಿಡದದ. ನಮ್ಮವರ ಗೋರಿ ಮ್ಯಾಲೆ ಕಾಯಿ ಒಡದಾನ, ಊದಿನಕಡ್ಡಿ ಹಚ್ಚ್ಯಾನ, ಶಿಲುಬಿಗಿ ಕುಂಕುಮ ಬಡದಾನ. ಅಯ್ಯನೋರು ಓಡಿ ಬಂದು ಗದರಿಸಿದರು. "ದಾನೇಲಪ್ಪ ಮನುಷ್ಯನಪ್ಪಾ, ಸ್ವಾಮಿ ಅಲ್ಲ!"

"ನನಗ ಬದ್ಲಿ ಸತ್ತಂವ ಅಂವನೇ ಅಲ್ಲೇನ್ರಿ? ನೀವೇ ಹೇಳಿದ್ರಿ."

"ನಾ ಹೇಳಿದ್ದು ಇಡೀ ಜಗತ್ತಿಗಿ ಬದ್ಲಿ ಸತ್ತವನ ಸುದ್ದಿ."

"ಜಗತ್ತಿಂದು ನನಗ ಗೊತ್ತಿಲ್ರಿ. ನಂದು ಗೊತ್ತದ."

ಅಯ್ಯನೋರು ಕನ್ನಡಕ ಒರಸ್ಕೊಂಡು ನಿಂತರು. ನನಗ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಇಷ್ಟು ದಿನ ನಾ ಖಣ್ಯಾಗ ಸತ್ತ ಒಬ್ಬ ಕೂಲಿಯವನ ಹೆಂಡ್ತಿ ಇದ್ದೆ. ಸಾಬಣ್ಣ ನನ್ನ ನೋಡೋ ಥರ ನೋಡಿದ್ರ ನಾ ಯಾರೋ ಬ್ಯಾರೇನೇ ಅನಸ್ತದ. ಕುಂಕುಮ ಒರಸಿ ಕಾಯಿ ಹೋಳು ಮನಿಗಿ ತಂದೆ. ಚಟ್ನಿ ಛಲೋ ಆಗಿತ್ತು.

೧೭ ನವೆಂಬರ್

ಇವತ್ತ ಸಾಬಣ್ಣನ್ನ ಕರಸಿ ಕಟ್ಟಿ ಕೆಳಗ ನಿಂದರಿಸಿ ಹೇಳಿದೆ. "ನನ್ನ ಗಂಡ ನಿನ್ನ ಹೆಸರಿಗಿ ಹೋದರು. ಇನ್ನ ಮುಂದ ನೀನು ಅವರ ಹೆಸರಿಗಿ ಹೋಗು. ಹ್ಯಾಂಗೂ ಸಾಬಣ್ಣ ಅನ್ನಾಂವ ಹಾಜರ್ಯಾಗ ಸತ್ತಾನ."

ಮಾತು ಮುಗಿಯೋದರಾಗೇ ಹೂಂ ಅಂದ. ಖುಷಿಯಾದಂಗ ಕಾಣಿಸ್ತು. ಆಮ್ಯಾಲ ಕೇಳಿದ, "ಎಷ್ಟು ದಿನ, ವೈನಿ?"

"ಅವರು ಎಷ್ಟು ದಿನ ಸತ್ತಿರ್ತಾರೋ ಅಷ್ಟು ದಿನ."

ಅದು ನನ್ನ ಬಾಯಿಲೆ ಹ್ಯಾಂಗ ಬಂತೋ ಏನೋ, ಆದರ ಬಂದದ್ದು ಸರಿಯಾಗೇ ಬಂತು. ವೈನಿ ಅನಬ್ಯಾಡ, ಬಾಯಾರ ಅನ್ನು ಅಂತನೂ ಹೇಳೀನಿ. ಅವನ ಖೋಲಿ ಆಗಲೇ ಬ್ಯಾರೆಯವರಿಗಿ ಕೊಟ್ಟಾರ, ಸತ್ತವನಿಗಿ ಖೋಲಿ ಯಾಕ? ನನ್ನ ಕಟ್ಟಿ ಮ್ಯಾಲೆ ಬಿದ್ಕೋತಾನ. ಪಗಾರ ನನ್ನ ಕೈಯಾಗ, ರೊಟ್ಟಿ ಅವನ ಕೈಯಾಗ. ನ್ಯಾಯ ಅದ.

೨೯ ನವೆಂಬರ್

ಜೀವ ಇದ್ದಾಗ ಗಂಡನ ಹೆಸರು ಒಮ್ಮೆನೂ ಬಾಯಿಲೆ ಅಂದಿರಲಿಲ್ಲ. ಈಗ ದಿನಾ ಅಂತೀನಿ. ದಾನೇಲಪ್ಪಾ ನೀರು ತಾ, ದಾನೇಲಪ್ಪಾ ಕಟಿಗಿ ಒಡಿ. ಮೊದಲ ಸಲ ನಾಲಿಗಿ ತೊದಲ್ತು, ಈಗ ಸರಳ ಬರ್ತದ. ಬಾವಿ ನೀರು ಸಪ್ಪಗಾಗ್ಯಾದಂತ ಹೇಳಿ ಹೊಳಿಗಿ ಕಳಸ್ತೀನಿ. ತರ್ತಾನ.

ರಶೀದಾಬೇಗಂ ಇವತ್ತ ಬಂದು, "ಅರೇ ಮಾರ್ಥಾ, ಆ ಆದ್ಮಿಗಿ ಒಳಗ ಕರದು ರೊಟ್ಟಿ ಕೊಡು. ನಾಯಿಗಿ ಹಾಕಿದಂಗ ಹಾಕ್ತಿ" ಅಂದಳು. ಆಕಿಯ ತಮ್ಮ ಐದು ವರ್ಷದ ಹಿಂದ ಪೊಲೀಸ್ ಆ್ಯಕ್ಷನ್ ಗದ್ದಲದಾಗ ಮನಿ ಬಿಟ್ಟು ಹೋದಂವ, ಇನ್ನೂ ಬಂದಿಲ್ಲ. ಹೆಣನೂ ಸಿಕ್ಕಿಲ್ಲ. ಯಾರ ಮ್ಯಾಲೆ ಸಿಟ್ಟು ಮಾಡಬೇಕಂತನೂ ಪಾಪ ಆಕಿಗಿ ಗೊತ್ತಿಲ್ಲ. ನನಗರ ಒಬ್ಬಂವ ಸಿಕ್ಕಾನ.

೨೫ ಡಿಸೆಂಬರ್

ಹಬ್ಬ. ಕರ್ಜಿಕಾಯಿ ಮಾಡಿದ್ದೆ. ಸಾಬಣ್ಣಗ ಎರಡು ಹಾಕಿ ಕೊಟ್ಟೆ. ತಿನ್ನಲಿಲ್ಲ, ಕೈಯಾಗ ಹಿಡ್ಕೊಂಡು ನಿಂತ.

"ಬಾಯಾರ, ಗುರುಲಿಂಗಮ್ಮ ಹೇಳಿ ಕಳಸ್ಯಾಳ, ಬಂದು ಕರ್ಕೊಂಡು ಹೋಗು ಅಂತ. ಒಂದು ದಿನ ಸುಟ್ಟಿ ಕೊಡ್ರಿ."

"ಕರ್ಕೊಂಡು ಬಂದು ಎಲ್ಲಿಡ್ತಿ? ನನ್ನ ಕಟ್ಟಿ ಮ್ಯಾಲೇನು?"

"ನೋಡಿ ಬರ್ತೀನಿ, ಬಾಯಾರ. ಕೂಸಿನ ಮಾರಿ ಮರತಂಗ ಆಗ್ಯಾದ."

"ಯೇಸುಸ್ವಾಮಿ ಶಿಲುಬಿ ಮ್ಯಾಲಿಂದ ಸುಟ್ಟಿ ಕೇಳಿದ್ದನೇನು?"

ಕೈಯಾಗಿನ ಕರ್ಜಿಕಾಯಿ ನೋಡಕೋತ, "ಅವತ್ತೊಂದು ದಿನ ಹಾಜರಿಗಿ ಯಾರನ್ನರ ಬದ್ಲಿ ಹಚ್ಚಿ ಹೋಗ್ತೀನ್ರಿ" ಅಂದ.

"ಹಚ್ಚು. ಅವನ ಮ್ಯಾಲೂ ಕಲ್ಲು ಬೀಳಲಿ. ಇನ್ನೊಬ್ಬಾಕಿಗೂ ನನ್ನಂಗ ಮಾಡು."

ಅವನ ಮಾರಿ ಬೂದಿ ಆತು. ಕರ್ಜಿಕಾಯಿ ಕಟ್ಟಿ ಮ್ಯಾಲಿಟ್ಟು ಹೊಳಿಗಿ ನೀರಿಗಿ ಹೋದ. ನಾ ಭಾಳ ದಿನದ ಮ್ಯಾಲ ಇವತ್ತ ಹೊಟ್ಟಿ ತುಂಬ ಉಂಡೆ.

೧೦ ಜನವರಿ ೧೯೫೪

ಅಯ್ಯನೋರು ಮನಿಗಿ ಬಂದಿದ್ದರು. ಸಾಬಣ್ಣ ಅವರ ಹತ್ರ ಹೋಗಿ ಕೇಳ್ಯಾನಂತ, ಋಣ ಎಲ್ಲಾ ತೀರ್ಯಾದಂತ ಹೇಳ್ತೀರಿ, ನಂದ್ಯಾಕ ತೀರವಲ್ದು ಅಂತ. ದೀಕ್ಷಾಸ್ನಾನ ತಗೋ ಅಂದ್ರ, ಮೊದಲ ಬಾಯಾರು ಮಾಫಿ ಮಾಡಲಿ ಅಂದಾನಂತ.

"ಮಾರ್ಥಾ, ಅವನ್ನ ಬಿಟ್ಟುಬಿಡವ್ವ. ಸ್ವಾಮಿ ಎಲ್ಲಾ ತೀರಿಸ್ಯಾನ."

"ಯಾರಿಗಿ ತೀರಿಸ್ಯಾನ್ರಿ? ದೇವರಿಗಿ ತೀರಿಸಿರಬೇಕು. ಮನಿ ಹಾಳಾದದ್ದು ನಂದು, ದೇವರದಲ್ಲ."

"ದೇವರ ಮಗ ಸತ್ತಾನಲ್ಲವ್ವ."

"ಮೂರನೇ ದಿನ ಎದ್ದು ಬಂದ. ನಮ್ಮವ್ರೂ ಎದ್ದು ಬರಲಿ. ನಾ ಅವತ್ತೇ ಬಿಡ್ತೀನಿ."

ಅಯ್ಯನೋರು ಚಾ ಅರ್ಧಕ್ಕ ಬಿಟ್ಟು ಎದ್ದರು. ಬೋರ್ಡಿಂಗ್‌ನಾಗ ಮಿಷನ್ ದೊರಸಾನಿ ನನಗ ಶಾಣ್ಯಾ ಹುಡುಗಿ ಅಂತಿದ್ದರು, ಸುಮ್ಮ ಅಂತಿದ್ದಿಲ್ಲ.

೧೯ ಜನವರಿ

ಸಾಬಣ್ಣನ ಎಡಗೈ ಬೆರಳಿನ ಮ್ಯಾಲೆ ಫರಸಿಕಲ್ಲು ಬಿದ್ದದ. ಅರಿಷಿಣ ಕೊಟ್ಟು ನಾಳೆ ಕೆಲಸ ತಪ್ಪಿಸಬ್ಯಾಡ ಅಂದೆ. ಉಗುರು ಹೋದರ ಕೈ ಹೋಗಂಗಿಲ್ಲ.

ರಶೀದಾಬೇಗಂ ಇತ್ತಿತ್ಲಾಗ ಬರೋದು ಬಿಟ್ಟಾಳ. ಆಕಿಗಿ ಮನಿ ಕೆಲಸ ಭಾಳ ಇರಬೇಕು.

೨ ಫೆಬ್ರವರಿ

ಏನೂ ಆಗಿಲ್ಲ. ಚಳಿ ಹೋತು.

೧೬ ಫೆಬ್ರವರಿ

ಮಧ್ಯಾಹ್ನ ದಂಡೋತಿಯಿಂದ ಒಬ್ಬ ಮುದುಕ ಬಂದ. ನರಸಪ್ಪ ಅಂತ ಹೆಸರು, ಗುರುಲಿಂಗಮ್ಮನ ಅಪ್ಪ. ಸಾಬಣ್ಣ ಖಣ್ಯಾಗಿದ್ದ. ಮುದುಕ ಕಟ್ಟಿ ಕೆಳಗ ನಿಂತೇ ಮಾತಾಡಿದ.

"ತಾಯಿ, ಕೂಸು ನಗಲಿಕತ್ತದ. ಅಪ್ಪ ಅನ್ನಾಂವ ಬರವಲ್ಲ. ಊರಾಗ ಮಾರಿ ಎತ್ತಿ ತಿರಗಾಡಲಿಕ್ಕಿ ಆಗವಲ್ದು ನನಗ. ಖಣಿಗಿ ಹೋಗಿ ಕೇಳಿದೆ, ಸಾಬಣ್ಣ ಅನ್ನಾಂವ ಯಾರೂ ಇಲ್ಲ ಅಂತಾರ ಮುನ್ಸಿ ಸಾಹೇಬರು. ನೀವು ಬಾಜೂದವ್ರು. ಅಂವ ಎಲ್ಲಿದ್ದಾನ, ಬರ್ತಾನೋ ಇಲ್ಲೋ, ಒಂದು ಮಾತು ಹೇಳಿಬಿಡ್ರಿ."

ಕೂಸು ನಗ್ತದಂತ. ನಗಲಿ! ಆ ಕೂಸಿನ ಮಾರಿ ನೋಡ್ಲಿಕ್ಕಿ ಹೋಗಿದ್ದಕ್ಕೇ ನನ್ನ ಮನಿ ಮುಳುಗಿದ್ದು. ನನಗೂ ಒಂದು ಕೂಸಿದ್ದಿದ್ದರ ಬ್ಯಾರೆ ಮಾತಿತ್ತು. ಅದನ್ನೂ ಕೊಡಲಿಲ್ಲ ದೇವರು.

"ಸಾಬಣ್ಣ ಸತ್ತಾನ" ಅಂದೆ.

ಮುದುಕ ಅತ್ತಿತ್ತ ನೋಡಿದ. ಕಟ್ಟಿ ಮ್ಯಾಲೆ ಸಾಬಣ್ಣನ ಧೋತರ ಒಣಹಾಕಿತ್ತು. ಅದರ ಅಂಚು ಹಿಡದು ನೋಡಿದ. "ಇದು ಲಗ್ನದಾಗ ನಾ ಕೊಟ್ಟಿದ್ದು" ಅಂದ.

"ಇದು ನನ್ನ ಗಂಡನ ಬದ್ಲಿಂದು. ಸಾಬಣ್ಣ ದೀಪಾವಳಿ ಮುಂದೇ ಖಣ್ಯಾಗ ಸತ್ತಾನ. ಹಾಜರಿ ಹಂಗೇ ಹೇಳ್ತದ, ಸಾಹೇಬರ ಸಹಿ ಅದ."

"ತಾಯಿ, ನೀವು ಚರ್ಚಿನವ್ರು. ನಿಮ್ಮ ದೇವರ ಆಣಿ ಮಾಡಿ ಹೇಳ್ತೀರೇನು?"

"ಆಣಿ ಮಾಡೋದು ನಮ್ಮ ಧರ್ಮದಾಗಿಲ್ಲ. ನಾವು ಹೌದಂದ್ರ ಹೌದು."

ಮುದುಕ ಧೋತರ ಬಿಟ್ಟ. ಅವನಿಗಿ ತಿಳಿಯಲಿಲ್ಲಂತ ಅಲ್ಲ. ಕಣ್ಣಾಗ ಎಲ್ಲಾ ಕಾಣಲಿಕತ್ತಿತ್ತು. ಅಳಿಯ ಇದೇ ಊರಾಗಿದ್ದು ಒಮ್ಮೆನೂ ಬರಲಿಲ್ಲ ಅನ್ನೋ ಸಿಟ್ಟು ಅವನಿಗೂ ಇತ್ತು. "ಸತ್ತಾನಂದ್ರ ಸತ್ತಾನ" ಅಂದ. "ನನ್ನ ಮಗಳಿಗಿನ್ನೂ ವಯಸ್ಸದ. ಪಂಚರ ಮುಂದ ಹಿಂಗೇ ಹೇಳ್ತೀನಿ, ಮಾರ್ಥಾಬಾಯಿ ಹೇಳ್ಯಾರ ಅಂತ." ನೀರು ಕೊಟ್ಟರೂ ಕುಡೀಲಿಲ್ಲ, ಹೋದ.

೧೭ ಫೆಬ್ರವರಿ

ಸಾಬಣ್ಣಗ ಹೇಳಲಿಲ್ಲ. ಅಂವ ಕೇಳಿದ್ದರ ಹೇಳ್ತಿದ್ದೆ.

೨೮ ಮಾರ್ಚ್, ಐತವಾರ

ಎಂಥಾ ಸುದ್ದಿ! ಚಿಂಚೋಳ್ಯಾಗ ಹೆಣಮಕ್ಕಳಿಗಿ ದೇವರ ವಾಕ್ಯ ಕಲಸಲಿಕ್ಕಿ ಒಬ್ಬ ಬೋಧಕಿ ಬೇಕಾಗ್ಯಾಳಂತ. ದೊರಸಾನಿ ನನ್ನ ಹೆಸರು ನೆನಪಿಟ್ಟು ಕೇಳ್ಯಾರ. ಚಂದಾಪುರ ರಸ್ತಾಕ್ಕ ಒಂದು ಮನಿ, ಹಿತ್ತಲದಾಗ ಬಾವಿ. ಕಲ್ಲಿನ ಧೂಳು ಇಲ್ಲ. ನಾ ಮತ್ತ ಬಿಳಿ ಸೀರಿ ಉಟ್ಕೊಂಡು ಕೈಯಾಗ ಪುಸ್ತಕ ಹಿಡ್ಕೊಂಡು ಅಡ್ಡಾಡಬಹುದು.

ಅಯ್ಯನೋರು ಚರ್ಚಿನ ಹಿಂದ ಕರದು ಹೇಳಿದರು, ಹೇಳಿ ನೆಲ ನೋಡಿದರು. "ಆದರ ಮಾರ್ಥಾ, ಮನಸಿನಾಗ ಒಬ್ಬನ ಮ್ಯಾಲೆ ಹಗಿ ಇಟ್ಕೊಂಡಾಕಿನ್ನ ನಾ ಹ್ಯಾಂಗ ಕಳಸ್ಲಿ? ಮಾಫಿ ಬಗ್ಗೆ ಬ್ಯಾರೆಯವರಿಗಿ ಹ್ಯಾಂಗ ಹೇಳ್ತಿ ನೀನು?"

"ವಿಚಾರ ಮಾಡ್ತೀನ್ರಿ" ಅಂದೆ.

೩೧ ಮಾರ್ಚ್

ವಿಚಾರ ಮಾಡಿ ನೋಡಿದೆ. ನನ್ನ ಮನಸು ತನ್ನಷ್ಟಕ್ಕ ತಾನೇ ಮೆತ್ತಗಾಗಲಿಕತ್ತದ. ಸಾಬಣ್ಣ ಪಾಪ, ಒಳ್ಳೆಯಂವ. ಹೊಳಿಯಿಂದ ಕೊಡ ಹೊತ್ತು ಬರೋದು ನೋಡಿದ್ರ ಬೆನ್ನು ಬಾಗ್ಯಾದ ಅನಸ್ತು. ಇಷ್ಟು ದಿನ ಕಣ್ಣಿಗೇ ಬಿದ್ದಿರಲಿಲ್ಲ. ದೇವರ ಕೆಲಸ ಹಿಂಗೇ ಇರ್ತದ, ನಮಗ ಗೊತ್ತಿಲ್ಲದಂಗ ನಡೀತದ.

೧೬ ಏಪ್ರಿಲ್, ಶುಭ ಶುಕ್ರವಾರ

ಇವತ್ತಿನ ದಿನ ನಾ ಸಾಯೋ ತನಕ ಮರಿಯಂಗಿಲ್ಲ.

ಚರ್ಚು ತುಂಬಿತ್ತು. ವಾಡಿ ರೈಲ್ವೆ ಮಂದಿನೂ ಬಂದಿದ್ದರು. ಶಿಲುಬಿ ಸುದ್ದಿ ಮುಗದ ಮ್ಯಾಲ ಅಯ್ಯನೋರು ನನ್ನ ಕಡಿ ನೋಡಿದರು. ಎದ್ದು ನಿಂತೆ. ಬಾಗಿಲ ಹೊರಗ ನಿಂತ ಸಾಬಣ್ಣಗ ಒಳಗ ಕರದೆ. ಅಂವ ಎಂದೂ ಹೊಸ್ತಿಲ ದಾಟಿದ್ದಿಲ್ಲ. ಕೈ ಮುಗದು ಬಂದ.

"ನನ್ನ ಗಂಡ ನಿನಗ ಬದ್ಲಿ ಸತ್ತರು. ಸ್ವಾಮಿ ನಮ್ಮೆಲ್ಲಾರಿಗಿ ಬದ್ಲಿ ಸತ್ತ. ಅಂವ ನನಗ ಮಾಫಿ ಮಾಡ್ಯಾನ, ನಾ ನಿನಗ ಮಾಫಿ ಮಾಡೀನಿ. ನಂದು ನಿನ್ನ ಮ್ಯಾಲೆ ಇನ್ನ ಏನೂ ಇಲ್ಲ. ಹೋಗು, ನಿನ್ನ ಹೆಂಡ್ತಿ ಕೂಸಿನ ಹತ್ರ ಹೋಗು."

ಎಷ್ಟು ಛಂದ ಬಂತು ಮಾತು! ಹೆಣಮಕ್ಕಳು ಸೆರಗು ಬಾಯಿಗಿ ಹಚ್ಕೊಂಡು ಅತ್ತರು. ಅಯ್ಯನೋರ ಕಣ್ಣಾಗೂ ನೀರು. ಸಾಬಣ್ಣ ಮಾತ್ರ ಅಳಲಿಲ್ಲ. ಯಾರೋ ತಲಿ ಮ್ಯಾಲಿನ ಕಲ್ಲು ಎತ್ತಿದಂಗ ಮ್ಯಾಲೆ ನೋಡಿದ, ಆಮ್ಯಾಲ ನಕ್ಕ. ಅಂವ ನಕ್ಕಾಗ ಇಷ್ಟು ಎಳೀ ಹುಡುಗನಂಗ ಕಾಣ್ತಾನಂತ ನನಗ ಗೊತ್ತಿರಲಿಲ್ಲ.

ದಂಡೋತಿ ಮುದುಕನ ಸುದ್ದಿ ಹೇಳಬೇಕೇನು ಅಂತ ಒಮ್ಮೆ ಅನಸ್ತು. ಇಂಥಾ ಪವಿತ್ರ ಹೊತ್ತಿನಾಗ ಅದನ್ನೆಲ್ಲಿ ತರೋದು.

೧೭ ಏಪ್ರಿಲ್

ಲಾಲ್ ಅಹ್ಮದ್ ಹತ್ರ ಹೋಗಿ, ದಾನೇಲಪ್ಪನ ಹೆಸರು ತಗದು ಹಾಕ್ರಿ, ಖೋಲಿನೂ ಬಿಡ್ತೀನಿ ಅಂದೆ. ಬೋಧಕಿ ಆಗಾಕಿ ಸುಳ್ಳು ಹೆಸರಿನ ಮ್ಯಾಲೆ ಹ್ಯಾಂಗ ಇರಲಿ? ಮುನ್ಸಿ ನನ್ನ ಮಾರಿ ನೋಡಿದ. "ಮತ್ತ ಆ ಸಾಬಣ್ಣ?" ಅಂದ. ಅವನಿಗಿ ಮಾಫಿ ಆಗ್ಯಾದ ಅಂದೆ. ಏನು ಬರದನೋ, ಹೆಸರಿನ ಮ್ಯಾಲೆ ಗೆರಿ ಎಳದ.

೧೮ ಏಪ್ರಿಲ್, ಪುನರುತ್ಥಾನದ ಐತವಾರ

ರೊಟ್ಟಿ ದ್ರಾಕ್ಷಾರಸ ತಗೊಂಡೆ. ಗಂಡ ಸತ್ತ ಮ್ಯಾಲ ಇದೇ ಮೊದಲು. ಮೈ ಹಗೂರ ಆಗ್ಯಾದ.

ಸಾಬಣ್ಣ ಮುಂಜಾನೆ ಎದ್ದು ಹೊಳ್ಯಾಗ ಜಳಕ ಮಾಡಿ ಬಂದು ನಮಸ್ಕಾರ ಮಾಡಿದ. ಚಿತಾಪುರ ತನಕ ರೈಲು, ಅಲ್ಲಿಂದ ದಂಡೋತಿಗಿ ನಡಕೋತ ಹೋಗ್ತಾನಂತ. "ಬಾಯಾರ, ಕೂಸಿಗಿ ಅಣ್ಣನ ಹೆಸರೇ ಇಡ್ತೀನಿ" ಅಂದ. ಛಲೋ ಆತು ಅಂದೆ. ಲೈನಿನ ತುದಿ ತನಕ ಕೈ ಮುಗಿದು ಹಿಂದಹಿಂದಕ್ಕ ಸರಕೋತ ಹೋದ, ರಶೀದಾಬೇಗಂನ ಕೋಳಿ ಬುಟ್ಟಿ ಎಡವಿ ಬಿದ್ದ. ಎಲ್ಲಾರೂ ನಕ್ಕೆವು.

೨೧ ಏಪ್ರಿಲ್

ಸಾಮಾನು ಕಟ್ಟಲಿಕತ್ತಿದ್ದೆ. ತಲಿ ಎತ್ತಿ ನೋಡಿದ್ರ ಸಾಬಣ್ಣ ಕಟ್ಟಿ ಕೆಳಗ ನಿಂತಾನ. ಬಂದು ಎಷ್ಟು ಹೊತ್ತಾಗಿತ್ತೋ.

"ಹೋದ್ಯಲ್ಲ, ಮತ್ಯಾಕ ಬಂದಿ?"

"ಮಾವ ಕುಂದ್ರಿಸಿ ನೀರು ಕೊಟ್ಟ, ಬಾಯಾರ. ಹಾದಿ ಮ್ಯಾಲಿನ ಮಂದಿಗಿ ಕೊಟ್ಟಂಗ ಕೊಟ್ಟ. ಹೋಳಿ ಆದಮ್ಯಾಲ ಗುರುಲಿಂಗಮ್ಮಗ ಉಡಕಿ ಮಾಡ್ಯಾರಂತ."

ಗಂಡ ಸತ್ತಾಕಿಗಿ ಎರಡನೇ ಸೀರಿ ಉಡಿಸಿ ಮತ್ತೊಬ್ಬನ ಮನಿಗಿ ಕಳಸೋದು ಅವರ ಮಂದ್ಯಾಗ ನಡೀತದ. ಉಡಕಿ ಆದ ಮ್ಯಾಲ ಮೊದಲಿನ ಗಂಡಗ ಮಾತಿಲ್ಲ.

"ಸೇಡಮ್ ಕಡಿ ಕೊಟ್ಟಾರಂತ. ಕೂಸಿನ್ನೂ ಒಯ್ದಾರಂತ. ಗಂಡ ಇದ್ದಾಕಿಗಿ ಉಡಕಿ ಹ್ಯಾಂಗ ಮಾಡಿದ್ರಿ ಅಂದೆ. ಪಂಚರೂ ಅದನ್ನೇ ಕೇಳಿದ್ರು ಅಂದ ಮಾವ. ಮಾರ್ಥಾಬಾಯಿ ತನ್ನ ಬಾಯಿಲೆ ಹೇಳ್ಯಾಳ, ಸಾಬಣ್ಣ ಸತ್ತಾನಂತ. ಚರ್ಚಿನ ಹೆಣಮಗಳು ಸುಳ್ಳಾಡಂಗಿಲ್ಲ ಅಂತ ಪಂಚರು ಒಪ್ಪಿದ್ರಂತ." ನನ್ನ ಕಡಿ ನೋಡಿ ಕೇಳಿದ, "ಹೌದೇನ್ರಿ, ಬಾಯಾರ?"

"ಹಾಜರ್ಯಾಗ ಇದ್ದದ್ದೇ ಹೇಳೀನಿ" ಅಂದೆ. ಅದು ಖರೇನೇ ಅದ.

ಬೈತಾನಂತ ತಿಳಕೊಂಡೆ. ಬೈಲಿಲ್ಲ. ಖಣಿಗೂ ಹೋಗಿ ಬಂದಾನಂತ. ಸಾಬಣ್ಣನೂ ಇಲ್ಲ, ದಾನೇಲಪ್ಪನೂ ಇಲ್ಲ, ನಿನಗ ಯಾವ ಹೆಸರಿಲೆ ಕರೀಲಿ ಅಂದನಂತ ಮುನ್ಸಿ.

ಆಮ್ಯಾಲ ಕಟ್ಟಿಗಿ ಎರಡೂ ಕೈ ಊರಿ, ಹುಡುಗರು ತಿನ್ನಲಿಕ್ಕಿ ಕೇಳೋ ದನ್ಯಾಗ ಅಂದ, "ಬಾಯಾರ, ನಿಮ್ಮ ಮಾಫಿ ವಾಪಸ್ ತಗೋರಿ."

"ಏನಂದಿ?"

"ವಾಪಸ್ ತಗೋರಿ. ನಿಮಗ ಸಿಟ್ಟಿದ್ದಾಗ ನನಗೊಂದು ಹೆಸರಿತ್ತು. ಬಿದ್ಕೊಳ್ಳಲಿಕ್ಕಿ ಕಟ್ಟಿ ಇತ್ತು. ಮುಂಜಾನೆ ಎದ್ದು ಹೋಗಲಿಕ್ಕಿ ಒಂದು ಜಾಗಾ ಇತ್ತು. ಚಿಂಚೋಳಿಗಿ ಬರ್ತೀನಿ, ನೀರು ಹೊರ್ತೀನಿ. ಮಾಫಿ ಮಾಡಿಲ್ಲ ಅಂತ ಒಂದು ಮಾತು ಅನ್ರಿ, ಸಾಕು."

ಗದರಿಸಬೇಕಾಗಿತ್ತು, ಆದರ ಈಗ ನಾ ಮೊದಲಿನಾಕಿ ಅಲ್ಲ. ಸಮಾಧಾನದಿಂದ ತಿಳಿಸಿ ಹೇಳಿದೆ. ಮಾಫಿ ಅನ್ನೋದು ಕೊಟ್ಟು ಕಸಗೊಳ್ಳೋ ವಸ್ತು ಅಲ್ಲ. ಸ್ವಾಮಿ ಒಮ್ಮೆ ಸತ್ತ, ಒಮ್ಮೆಗೇ ಎಲ್ಲಾ ಮುಗೀತು. ನಾ ಈಗ ವಾಪಸ್ ತಗೊಂಡ್ರ ಅಂವ ಸತ್ತದ್ದು ದಂಡ ಆಗ್ತದ, ನಮ್ಮವ್ರು ಸತ್ತದ್ದೂ ದಂಡ ಆಗ್ತದ. ನಿನಗ ಇನ್ನ ಯಾರ ಋಣನೂ ಇಲ್ಲ, ನೀನು ಬಿಡುಗಡಿ ಆದಂವ. ಬೋಧಕಿ ಆದ ಮ್ಯಾಲ ಇದೇ ನನ್ನ ಮೊದಲನೇ ಪಾಠ ಅನ್ನಬೇಕು. ಭಾಳ ಛಂದ ಹೇಳಿದೆ ಅನಸ್ತದ.

ಸಾಬಣ್ಣ ಪೂರಾ ಕೇಳಿದ. "ಹಂಗಾದ್ರ ನಾ ಈಗ ಏನು ಮಾಡ್ಲಿ, ಬಾಯಾರ?" ಅಂದ.

"ಸಂತೋಷಪಡು" ಅಂದೆ.

ಹೂಂ ಅಂದ. ಇನ್ನೂ ಅಲ್ಲೇ ನಿಂತಾನ. ನಾಳೆ ಮುಂಜಾನೆ ಗಾಡಿ, ವಾಡ್ಯಾಗ ಇಳದು ಸೇಡಮ್ಮಿನ ಗಾಡಿ ಹಿಡೀಬೇಕು, ಅಲ್ಲಿಂದ ಚಿಂಚೋಳಿಗಿ ಮೋಟಾರು. ಗಂಟು ಭಾಳ ಆಗ್ಯಾವ. ಟೇಸನ್ ತನಕ ನಾ ಹೊತ್ಕೊಂಡು ಬರ್ತೀನಿ ಅಂದಾನ. ಬ್ಯಾಡ ಅನ್ನಲಿಕ್ಕಿ ನನಗ ಮನಸಾಗಲಿಲ್ಲ.